ಹಿಂದಿನ ಸೀಟು

ಬಸ್ಸಿನ ಒಂದನೇ ನಂಬರಿನ ಸೀಟಿಗೆ, ತೀರಿಹೋದ ತಮ್ಮನ ಹೆಸರಿನ ಹಿತ್ತಾಳೆ ಫಲಕ ಹೊಡೆಯುವ ಸದ್ದು ಕೇಳಿಸಿದಾಗ ಕಂಡಕ್ಟರನು ಡಿಪೋದ ಕಕ್ಕಸಿನಲ್ಲಿ ಕೂತಿದ್ದ. ಕೂತು ಬಹಳ ಹೊತ್ತಾಗಿತ್ತು. ಬಂದ ಕೆಲಸ ಮುಗಿದಿರಲಿಲ್ಲ, ಯಾಕೆಂದರೆ ಶುರುವೇ ಆಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಚಿಲಕ, ಇಡೀ ಡಿಪೋದಲ್ಲಿ ಒಳಗಿನಿಂದ ಚಿಲಕವಿದ್ದ ಬಾಗಿಲು ಇದೊಂದೇ. ಸ್ಕ್ರೂ ತಿರುಗಿಸಬೇಕಾದ ಕಡೆಯೂ ಸುತ್ತಿಗೆಯನ್ನೇ ನಂಬಿದ್ದ ಮೆಕ್ಯಾನಿಕ್ಕು ಠಣ್ ಠಣ್ ಎಂದು ಹೊಡೆಯುತ್ತಿದ್ದ. ತಪ್ಪು ಸೀಟು, ಮಾರಾಯ, ತಪ್ಪು ಸೀಟು, ಎಂದು ಕೂಗಿಬಿಡಬೇಕು ಎನ್ನಿಸಿತು. ಕಕ್ಕಸಿನೊಳಗಿಂದ ಕೂಗಿದ ಮಾತಿಗೆ ಯಾರು ಮರ್ಯಾದೆ ಕೊಡುತ್ತಾರೆ? ಅದೂ ಅಲ್ಲದೆ, ತಮ್ಮ ಮುಂದೆ ಕೂತಿರಲಿಲ್ಲ, ಹಿಂದೆ ಕೂತಿದ್ದ ಎಂದರೆ, ಹಿಂದೆ ಯಾಕೆ ಕೂತ ಎಂದು ಅಮ್ಮ ಕೇಳುತ್ತಾಳೆ. ಆಗ ನಾನೇ ಕೂರಿಸಿದೆ ಎಂದು ಹೇಳಬೇಕಾಗುತ್ತದೆ. ಇದ್ದೊಬ್ಬ ತಮ್ಮನನ್ನು ಕೊಂದವನು ನೀನೇ ಏನೋ ಎಂದು ಅವಳು ಬಾಯಿಬಿಟ್ಟು ಕೇಳದಿದ್ದರೂ, ಊಟಕ್ಕೆ ಬಡಿಸುವಾಗ ಸೌಟು ಒಂದು ಗಳಿಗೆ ಗಾಳಿಯಲ್ಲಿ ನಿಂತರೆ ಸಾಕು, ಅವನ ಕತೆ ಮುಗಿಯಿತು.

ಹಿಂದಿನ ಸೀಟು ಅವರ ಮನೆತನದ ಧರ್ಮವಾಗಿತ್ತು. ಅಪ್ಪ ಬಸ್ ಡ್ರೈವರ್. ಲಾರಿಗೆ ಗುದ್ದಿದ್ದರೆ, ರೈಲಿಗೆ ಗುದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಘನತೆ ಇರುತ್ತಿತ್ತು. ಆ ಪುಣ್ಯಾತ್ಮ ಹೋಗಿ ಗುದ್ದಿದ್ದು ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿದ್ದ ರೋಡ್ ರೋಲರಿಗೆ. ಓಡಿಸುವವನು ಕೂಡ ಅದರ ಮೇಲಿರಲಿಲ್ಲ, ಬೀಡಿ ಸೇದಲು ಹೋಗಿದ್ದ. ಮುಂದಿದ್ದ ಅಪ್ಪ ಅಲ್ಲೇ ಹೋದ. ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ ಕೋಳಿ ವ್ಯಾಪಾರಿ ಎದ್ದು, ಸ್ಟಾಪ್ ಬಂತಾ ಎಂದು ಕೇಳಿದನಂತೆ. ಅವನ ಒಂದು ಕೋಳಿಗೂ ಏನೂ ಆಗಿರಲಿಲ್ಲ. ಅಮ್ಮ ಆ ಕೋಳಿಗಳನ್ನು ಕೊನೆಗೂ ಕ್ಷಮಿಸಲಿಲ್ಲ, ಆದರೆ ಅವುಗಳಿಂದ ಪಾಠ ಕಲಿತಳು. ಹಿಂದೆ ಕೂತವನು ಮನೆಗೆ ಬರ್ತಾನೆ. ಇದು ಮಕ್ಕಳಿಬ್ಬರ ಕಿವಿಯಲ್ಲಿ ಎಷ್ಟು ಸಲ ಬಿದ್ದಿತ್ತೆಂದರೆ ಅದು ಅಮ್ಮನ ಮಾತು ಎನ್ನುವುದೇ ಹಿರಿಯವನಿಗೆ ಮರೆತುಹೋಗಿತ್ತು. ದೊಡ್ಡವನಾಗಿ ಕಂಡಕ್ಟರನಾದ ಮೇಲೆ, ಹೆಗಲಿಗೆ ಚರ್ಮದ ಚೀಲ ಬಿದ್ದ ಮೇಲೆ, ಅದನ್ನು ತನ್ನದೇ ಅನುಭವವೆಂಬಂತೆ ಗರ್ಭಿಣಿಯರಿಗೆ, ಮುದುಕರಿಗೆ, ನೆಂಟರಿಷ್ಟರಿಗೆ ಹಂಚತೊಡಗಿದ. ಬೇಕಾದವರು ಹತ್ತಿದರೆ ಹಿಂದೆ ತಳ್ಳುತ್ತಿದ್ದ. ಬೇಡದವರು ಹತ್ತಿದರೆ, ಬನ್ನಿ ಸ್ವಾಮಿ, ಮುಂದೆ ಗಾಳಿ ಚೆನ್ನಾಗಿ ಬರುತ್ತೆ ಎಂದು ಒಂದನೇ ನಂಬರು ತೋರಿಸುತ್ತಿದ್ದ. ಮ್ಯಾನೇಜರರನ್ನು ಅವನು ಯಾವಾಗಲೂ ಒಂದನೇ ನಂಬರಿನಲ್ಲೇ ಕೂರಿಸುತ್ತಿದ್ದ, ಅವರು ಅದನ್ನು ಗೌರವವೆಂದು ತಿಳಿದಿದ್ದರು.

ತಮ್ಮನಿಗೆ ಹಿಂದಿನ ಸೀಟು ಆಗಿಬರುತ್ತಿರಲಿಲ್ಲ. ಹಿಂದಿನ ಚಕ್ರದ ಮೇಲಿನ ಆ ಎತ್ತಿ ಕುಕ್ಕುವ ಕುಲುಕಾಟಕ್ಕೆ ಎರಡನೆಯ ತಿರುವಿನಲ್ಲೇ ಅವನ ಮುಖ ಸೋರೆಕಾಯಿಯ ಬಣ್ಣಕ್ಕೆ ಬರುತ್ತಿತ್ತು. ಡಿಪೋದವರು ಅವನಿಗಿಟ್ಟ ಹೆಸರು ವಾಂತಿರಾಯ. ಅಣ್ಣಾ, ಇವತ್ತೊಂದಿನ ಮುಂದೆ ಕೂತ್ಕೋತೀನಿ ಕಣೋ, ಎಂದು ಅವನು ಕೈ ಹಿಡಿದು ಬೇಡಿಕೊಂಡರೂ ಇವನು ಬಿಡುತ್ತಿರಲಿಲ್ಲ. ಕಕ್ಕೋ, ಆದರೆ ಬದುಕಿರು, ಎನ್ನುತ್ತಿದ್ದ. ಒಂದು ಸಲ ಕಿಟಕಿಯ ಕಡೆ ದಪ್ಪನೆಯ ಹೆಂಗಸೊಬ್ಬಳು ಕೂತಿದ್ದಳು, ದಾರಿಯಿರಲಿಲ್ಲ. ತಮ್ಮ ಆಚೀಚೆ ನೋಡಿದ, ಅಣ್ಣನ ಹೆಗಲಿನ ಚೀಲದ ಬಾಯಿ ತೆರೆದಿತ್ತು. ಚಿಲ್ಲರೆ, ಟಿಕೆಟ್ಟು, ಮಧ್ಯಾಹ್ನಕ್ಕಿಟ್ಟಿದ್ದ ಬ್ರೆಡ್ಡು, ಎಲ್ಲದರ ಮೇಲೆ ಅಭಿಷೇಕವಾಯಿತು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನು ತಮ್ಮನ ಕೆನ್ನೆಗೆ ಒಂದು ಬಾರಿಸಿದ. ಮೀಸೆ ಮೂಡುತ್ತಿದ್ದ ಹುಡುಗ, ಎಲ್ಲರ ಎದುರಿಗೆ. ಅವನು ಅಳಲಿಲ್ಲ, ಬಾಯಿ ಒರೆಸಿಕೊಂಡು, ಸಾರಿ ಅಣ್ಣ, ಬ್ರೆಡ್ಡು ನಾನೇ ತಿಂತೀನಿ ಬಿಡು ಎಂದ. ಈಗ ಕಕ್ಕಸಿನಲ್ಲಿ ಕೂತು ಅದು ನೆನಪಾದಾಗ ಕಂಡಕ್ಟರನು ತನ್ನ ಬಲಗೈಯನ್ನು ನೋಡಿಕೊಂಡ. ಒಳ್ಳೆಯ ಕೈಯೇನಲ್ಲ ಅದು.

ಅಂಥವನು ಹೋಗಿ ಸೇರಿದ್ದು ಬಾಂಬು ಹಾಕುವ ವಿಮಾನಕ್ಕೆ! ಬಸ್ಸಿನ ಟಾಪಿಗೆ ಗಂಟು ಏರಿಸಲು ಏಣಿ ಹತ್ತಿದರೆ ನಡುವಿನಲ್ಲೇ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದವನು. ಯುದ್ಧ ಶುರುವಾಗಿ ಎಲ್ಲರನ್ನೂ ಕರೆಯುವಾಗ, ಕಾಲಾಳುಗಳಾದರೆ ನಡೀಬೇಕು ಅಣ್ಣ, ವಿಮಾನದಲ್ಲಾದ್ರೆ ಕೂತ್ಕೊಂಡೇ ಇರೋದಂತೆ, ಎಂದು ಕಾರಣ ಕೊಟ್ಟಿದ್ದ. ಬೀಳ್ಕೊಡಲು ಹೋದ ದಿನ, ಎಲ್ಲರ ಅಣ್ಣಂದಿರೂ ಧೈರ್ಯ, ದೇಶ, ಗೆಲುವು ಎಂದು ದೊಡ್ಡ ದೊಡ್ಡ ಮಾತಾಡುತ್ತಿರುವಾಗ ಇವನು ತಮ್ಮನ ಕಿವಿ ಹಿಡಿದು ಹತ್ತಿರಕ್ಕೆಳೆದು ಹೇಳಿದ್ದು ಒಂದೇ: "ಹಿಂದಿನ ಸೀಟು ಕೇಳು. ನಾಚ್ಕೋಬೇಡ, ಬಾಯಿಬಿಟ್ಟು ಕೇಳು. ನಮ್ಮಣ್ಣ ಕಂಡಕ್ಟ್ರು, ಅವನು ಹೇಳಿದಾನೆ ಅನ್ನು." ಜೊತೆಗೆ ತನ್ನ ಹಳೆಯ ಸೀಟಿಯನ್ನೂ ಜೇಬಿಗೆ ಹಾಕಿದ್ದ. ವಿಮಾನದಲ್ಲಿ ಸೀಟಿ ಯಾಕೆ ಎಂದು ಇಬ್ಬರೂ ಯೋಚಿಸಿರಲಿಲ್ಲ. ಒಂದೇ ಸಲ ರಜದ ಮೇಲೆ ಬಂದಿದ್ದ ತಮ್ಮ, ಬಾಗಿಲಲ್ಲೇ ಬೂಟು ಬಿಚ್ಚುತ್ತ, "ಅಣ್ಣ, ಹಿಂದಿನ ಸೀಟೇ ಸಿಕ್ತು! ಬಾಲದಲ್ಲಿ ಒಂದು ಗಾಜಿನ ಗೂಡು, ಎಲ್ಲರಿಗೂ ಬೆನ್ನು ಹಾಕಿ ಬಂದೂಕು ಹಿಡ್ಕೊಂಡು ಕೂತಿರೋದು. ಕೇಳಿದ ತಕ್ಷಣ ಕೊಟ್ರು. ಯಾರೂ ಪೈಪೋಟಿಗೇ ಬರಲಿಲ್ಲ" ಎಂದಾಗ ಇವನ ಎದೆ ಉಬ್ಬಿತ್ತು. ನೋಡಿದ್ಯಾ, ಎಂದಿದ್ದ. ಯಾರೂ ಪೈಪೋಟಿಗೆ ಬರಲಿಲ್ಲ ಎಂದಾಗಲೇ ಅನುಮಾನ ಬರಬೇಕಿತ್ತು. ಬಸ್ಸು ತುಂಬಿದ್ದರೂ ಒಂದು ಸೀಟು ಖಾಲಿ ಉಳಿದಿದೆಯೆಂದರೆ ಅದರ ಮೇಲೆ ಏನೋ ಚೆಲ್ಲಿರುತ್ತದೆ ಎಂದು ಕಂಡಕ್ಟರನಾದವನಿಗೆ ತಿಳಿಯಬೇಡವೇ? ಆ ರಜೆಯಲ್ಲಿ ತಮ್ಮ ಹಾಡುಹಗಲು ಮಲಗಿದ್ದವನು ದಿಗ್ಗನೆದ್ದು ಕೂತು ಒಂದು ಮಾತು ಹೇಳಿದ್ದ. "ಮುಂದೆ ಇರೋರು ಬಾಂಬು ಹಾಕ್ತಾರೆ, ಹೋಗ್ತಾರೆ, ಅಷ್ಟೇ. ಕೆಳಗೆ ಉರಿಯೋದು ನನಗೊಬ್ಬನಿಗೇ ಕಾಣ್ಸೋದು ಅಣ್ಣ. ತುಂಬ ಹೊತ್ತು ಕಾಣ್ಸತ್ತೆ." ಇವನು ಚಿಲ್ಲರೆ ಎಣಿಸುತ್ತಿದ್ದವನು ತಲೆ ಕೂಡ ಎತ್ತದೆ, ಕಣ್ಣು ಮುಚ್ಕೋ ಎಂದಿದ್ದ. ಮುಚ್ಕೊಂಡ್ರೆ ಹೊಟ್ಟೆ ತೊಳೆಸತ್ತೆ, ಎಂದು ತಮ್ಮ ಮತ್ತೆ ಮಲಗಿದ್ದ.

ತಮ್ಮ ಸತ್ತ ಸುದ್ದಿ ಬಂದ ಮೇಲೆ ಒಂದು ದಿನ, ಕುಂಟುಗಾಲಿನ ಮಾಜಿ ಸೈನಿಕನೊಬ್ಬ ಬಸ್ಸಿನಲ್ಲಿ ಪಕ್ಕದವನಿಗೆ ಯುದ್ಧ ವಿವರಿಸುತ್ತಿದ್ದ. "ಬಾಲದಲ್ಲಿ ಕೂತೋನೇ ಮೊದಲು ಹೋಗೋದು ಸ್ವಾಮಿ. ಶತ್ರು ಹಿಂದಿನಿಂದ ತಾನೇ ಬರೋದು? ಅದು ಸೀಟಲ್ಲ, ಚಟ್ಟ." ಕಂಡಕ್ಟರನ ಬಾಯಲ್ಲಿದ್ದ ಸೀಟಿ ತಾನಾಗಿ ಊದಿಕೊಂಡಿತು. ಡ್ರೈವರನು ನಡು ಸೇತುವೆಯ ಮೇಲೆ ಬ್ರೇಕು ಹಾಕಿದ. ಯಾರು ಇಳೀಬೇಕು, ಯಾರು, ಎಂದು ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡರು. ಕೆಳಗೆ ನೀರು ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಕಂಡಕ್ಟರನೇ ಇಳಿದು, ಟೈರು ನೋಡುವವನಂತೆ ನಾಲ್ಕು ಕಡೆ ಒದ್ದು, ಹತ್ತಿದ. ಆ ಸಂಜೆ ಅಮ್ಮ ಮೊತ್ತಮೊದಲ ಸಲ, "ವಿಮಾನದಲ್ಲಿ ಅವನು ಎಲ್ಲಿ ಕೂತಿದ್ನೋ?" ಎಂದು ಕೇಳಿದಳು. ಇವನ ನಾಲಿಗೆ ತಾನೇ ಹೊರಳಿತು. "ಮುಂದೆ ಅಮ್ಮ. ಡ್ರೈವರ್ ಪಕ್ಕದಲ್ಲೇ." ಅಮ್ಮ ಹೌದಾ ಎಂದು ಒಲೆಯ ಕಡೆ ತಿರುಗಿದಳು. ಸುಳ್ಳಿಗೂ ಕಾಲು ಬರುತ್ತದೆ. ಯುದ್ಧ ಮುಗಿದು, ಡಿಪೋದವರು ಒಂದು ಬಸ್ಸಿನಲ್ಲಿ ಅವನ ನೆನಪಿಗೆ ಒಂದು ಸೀಟು ಮೀಸಲಿಡಬೇಕೆಂದು ತೀರ್ಮಾನಿಸಿ, ಮ್ಯಾನೇಜರರು ಮನೆಗೆ ಬಂದು, ವಿಮಾನದಲ್ಲಿ ಎಲ್ಲಿ ಕೂರ್ತಿದ್ರು ನಿಮ್ಮ ತಮ್ಮ ಎಂದು ಕೇಳಿದಾಗ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಇವನು ಮುಂದೆ ಎಂದ. ಅಲ್ಲಿಗೆ ಒಂದನೇ ನಂಬರು ಗಟ್ಟಿಯಾಯಿತು.

ಬಾಗಿಲು ಬಡಿದರು. "ಏನ್ರೀ ಇದು! ಹುತಾತ್ಮರ ಅಣ್ಣ ಆಗಿ ಇಲ್ಲಿ ಅಡಗಿ ಕೂತಿದೀರಲ್ರೀ? ಹೊಟ್ಟೆ ಸರಿಯಿಲ್ವಾ?" ಮ್ಯಾನೇಜರರ ದನಿ. "ನಿಮ್ಮ ತಮ್ಮನ ವಿಮಾನದ ಪೈಲಟ್ಟು ಬಂದಿದ್ದಾರೆ. ಸಾಕ್ಷಾತ್ ಅವರೇ. ಬೇಗ ಬನ್ನಿ, ಕೈ ತೊಳ್ಕೊಂಡು ಬನ್ನಿ." ಅಯ್ಯೋ, ಕೆಟ್ಟೆ. ಪೈಲಟ್ಟು ಬರುತ್ತಾನೆಂದು ಯಾರೂ ಹೇಳಿರಲಿಲ್ಲ. ಆ ವಿಮಾನ ಬಾಲ ಮುರಿದುಕೊಂಡೇ ವಾಪಸು ಬಂದಿತ್ತು, ತಮ್ಮನೊಬ್ಬನನ್ನು ಬಿಟ್ಟು ಉಳಿದವರೆಲ್ಲ ನಡೆದುಕೊಂಡೇ ಇಳಿದಿದ್ದರು, ಇಷ್ಟು ಅವನಿಗೆ ಗೊತ್ತಿತ್ತು. ಆ ಮನುಷ್ಯ ಒಂದನೇ ಸೀಟಿನ ಮೇಲಿನ ಫಲಕ ನೋಡಿ, ಇಲ್ಲಪ್ಪ, ಅವನು ಹಿಂದೆ ಕೂತಿದ್ದ ಎಂದರೆ ಮುಗಿಯಿತು. ಕಂಡಕ್ಟರನು ಕೈ ತೊಳೆದ. ಇನ್ನೊಂದು ಸಲ ತೊಳೆದ. ಕಕ್ಕಸಿನಿಂದ ಆಚೆ ಬರುವವನ ಕೈಕುಲುಕಲು ಇಷ್ಟು ಜನ ಕಾದಿದ್ದದ್ದು ಡಿಪೋದ ಇತಿಹಾಸದಲ್ಲೇ ಮೊದಲಿರಬೇಕು.

ಪೈಲಟ್ಟು ಅವನಂದುಕೊಂಡಂತೆ ಎತ್ತರದ ಆಳಲ್ಲ. ಕುಳ್ಳಗೆ, ಅರ್ಧ ಬೋಳಾಗಿ, ಚೆನ್ನಾಗಿ ಇಸ್ತ್ರಿ ಮಾಡಿದ ಆದರೆ ಒಂದು ಗುಂಡಿ ಇಲ್ಲದ ಕೋಟು ಹಾಕಿಕೊಂಡು, ಈಗ ಯಾವುದೋ ಅಂಗಡಿಯಲ್ಲಿ ಚಪ್ಪಲಿ ಮಾರುತ್ತಿದ್ದವನು. ನೋಡಿದ ತಕ್ಷಣ ಇವನ ಬೂಟಿನ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡಂತಿತ್ತು. "ನೀವು ಕಂಡಕ್ಟ್ರಣ್ಣ ಅಲ್ವಾ?" ಎಂದ. ಎಂದವನೇ ತೋಳು ಹಿಡಿದು ಬಸ್ಸಿನ ಹಿಂದುಗಡೆ, ಏಣಿಯ ಹತ್ತಿರ, ಎಳೆದುಕೊಂಡು ಹೋದ. ಇಬ್ಬರೂ ಸ್ವಲ್ಪ ಹೊತ್ತು ಬಸ್ಸಿನ ಹಿಂದಿನ ನಂಬರು ಫಲಕವನ್ನು ಓದಿದರು.

"ಸೀಟಿನ ಫಲಕ ನೋಡಿದೆ" ಎಂದ ಪೈಲಟ್ಟು. "ನಾನು ಏನೂ ಹೇಳಲ್ಲ, ಹೆದರ್ಬೇಡಿ. ನಾನೇ ಹೆದರ್ಕೊಂಡು ಬಂದಿದೀನಿ."

"ನೀವ್ಯಾಕೆ ಹೆದರ್ಬೇಕು?"

"ಮೊದಲ ದಿನ ಯಾರ್ಯಾರಿಗೆ ಯಾವ ಜಾಗ ಅಂತ ಕೇಳ್ದಾಗ ಎಲ್ಲರೂ ನೆಲ ನೋಡ್ತಿದ್ವಿ. ಬಾಲ ಯಾರಿಗೂ ಬೇಡ. ಅಷ್ಟರಲ್ಲಿ ಇವನು ಕೈ ಎತ್ತಿ, ನನಗೆ ಹಿಂದಿನ ಸೀಟು ಕೊಡಿ, ನಮ್ಮಣ್ಣ ಕಂಡಕ್ಟ್ರು, ಹಿಂದೆ ಸೇಫು ಅಂತ ಹೇಳಿದಾನೆ ಅಂದ. ನಾವು ನಕ್ಕಿದ್ದು ನಕ್ಕಿದ್ದೇ. ಹೊಟ್ಟೆ ಹಿಡ್ಕೊಂಡು ನಕ್ವಿ." ಅವನು ಇಲ್ಲದ ಗುಂಡಿಯನ್ನು ಹಾಕಿಕೊಳ್ಳಲು ಹುಡುಕಿದ. "ನಕ್ಕು ಮುಗಿದ ಮೇಲೆ ಯಾರೂ ಅವನಿಗೆ ನಿಜ ಹೇಳ್ಲಿಲ್ಲ. ಹೇಳಿದ್ರೆ ಆ ಜಾಗಕ್ಕೆ ನಮ್ಮಲ್ಲೇ ಒಬ್ಬ ಹೋಗ್ಬೇಕಿತ್ತಲ್ಲ. ನೀವು ಗೊತ್ತಿಲ್ದೆ ಕಳ್ಸಿದ್ರಿ ಅಣ್ಣ. ನಾವು ಗೊತ್ತಿದ್ದೂ ಕೂರಿಸಿದ್ವಿ."

ಕಂಡಕ್ಟರನಿಗೆ ಕೋಪ ಬರಬೇಕಿತ್ತು. ಬಲಗೈ ಒಂದು ಸಲ ಎದ್ದಿತು ಕೂಡ. ಆದರೆ ಬಂದದ್ದು ಕೋಪವಲ್ಲ, ನಾಚಿಕೆಗೇಡಿನ ಒಂದು ಹಗುರ. ಪರೀಕ್ಷೆಯಲ್ಲಿ ಫೇಲಾದವನಿಗೆ ಪಕ್ಕದ ಮನೆಯವನೂ ಫೇಲು ಎಂದು ತಿಳಿದಾಗ ಬರುವಂಥದ್ದು. ಥೂ ನನ್ನ ಜನ್ಮಕ್ಕಿಷ್ಟು, ಎಂದುಕೊಂಡ. ಎದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಏಣಿ ಹಿಡಿದುಕೊಂಡ.

"ವಾಂತಿ ಮಾಡ್ತಿದ್ನಾ?" ಎಂದು ಕೇಳಿದ.

"ಪ್ರತಿ ಸಲ!" ಪೈಲಟ್ಟಿನ ಮುಖ ಅರಳಿತು. "ಹೆಲ್ಮೆಟ್ಟಿಗೆ, ಕೈಚೀಲಕ್ಕೆ, ಒಂದು ಸಲ ನನ್ನ ಬೂಟಿಗೆ. ಆದ್ರೆ ಅವನು ಸೀಟಿ ಊದದೆ ನಾವು ಹೊರಡ್ತಿರ್ಲಿಲ್ಲ, ಗೊತ್ತಾ? ಹಿಂದಿನಿಂದ ಎರಡು ಸಲ ಸೀಟಿ, ರೈಟ್ ರೈಟ್ ಅಂತ ಕೂಗೋನು, ಆಮೇಲೇ ನಾನು ವಿಮಾನ ಬಿಡ್ತಿದ್ದೆ. ದೊಡ್ಡ ಸಾಹೇಬ್ರು ಬೈದ್ರು. ಒಂದು ದಿನ ಸೀಟಿ ಇಲ್ದೆ ಹೊರಟಾಗ ಚಕ್ರ ಒಡೀತು. ಆಮೇಲೆ ಸಾಹೇಬ್ರೇ, ಸೀಟಿ ಊದಿದ್ನಾ ಅಂತ ಕೇಳೋಕೆ ಶುರು ಮಾಡಿದ್ರು." ಅವನು ಜೇಬಿನಿಂದ ಕೈ ತೆಗೆದು, ತಣ್ಣಗಿನ ಏನನ್ನೋ ಕಂಡಕ್ಟರನ ಅಂಗೈಯಲ್ಲಿಟ್ಟ. ಒಂದು ಅಂಚು ನೆಗ್ಗಿದ ಅದೇ ಹಳೆಯ ಸೀಟಿ.

ಅಷ್ಟರಲ್ಲಿ ಮುಂದುಗಡೆ ಮ್ಯಾನೇಜರರು ಭಾಷಣ ಶುರು ಮಾಡಿಬಿಟ್ಟಿದ್ದರು. ಅವರಿಗೆ ಮೈಕು ಬೇಕಿರಲಿಲ್ಲ, ಆದರೂ ಒಂದು ಮೈಕು ತರಿಸಿದ್ದರು, ಅದು ಅವರ ಮಾತನ್ನು ಕೇಳಲಾರದೆ ಕಿರುಚುತ್ತಿತ್ತು. ಪೈಲಟ್ಟು, ಕಂಡಕ್ಟರು ಹೋಗಿ ಮುಂದೆ ನಿಂತರು, ಪಕ್ಕದಲ್ಲಿ, ಮಡಿಸಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು ಬಂದ ಅಮ್ಮ. ಅಮ್ಮನ ಕೈಯಲ್ಲಿ ಒಂದು ಕತ್ತರಿ ಕೊಟ್ಟಿದ್ದರು, ಅವಳು ಅದನ್ನು ಯಾರಾದರೂ ಕಸಿದುಕೊಳ್ಳುತ್ತಾರೇನೋ ಎಂಬಂತೆ ಹಿಡಿದಿದ್ದಳು. "ಫಲಕದ ಮೇಲಿನ ಸಾಲು ನಾನೇ ರಾತ್ರಿಯೆಲ್ಲ ಕೂತು ಬರೆದದ್ದು" ಎಂದು ಮ್ಯಾನೇಜರರು ಓದಿದರು. "ಹಿಂದಿರುಗಿ ನೋಡದ ವೀರ!" ಪೈಲಟ್ಟಿನ ಮೂಗಿನಿಂದ ಒಂದು ಸದ್ದು ಬಂತು. ಕಂಡಕ್ಟರನು ತುಟಿ ಕಚ್ಚಿಕೊಂಡ. ಹಿಂದಕ್ಕೆ ನೋಡುವುದನ್ನು ಬಿಟ್ಟರೆ ಆ ಪ್ರಾಣಿಗೆ ಬೇರೆ ಕೆಲಸವೇ ಇರಲಿಲ್ಲವಲ್ಲ! ಯುದ್ಧವೆಲ್ಲ ಹಿಂದಕ್ಕೆ ನೋಡುತ್ತಲೇ ಮಾಡಿದವನು. ತಾನಾದರೂ ಅಷ್ಟೇ, ಇಷ್ಟು ವರ್ಷ ಡ್ರೈವರಿಗೆ ಬೆನ್ನು ಹಾಕಿ, ಮಂದಿಯ ಮುಖ ನೋಡುತ್ತ, ಎಲ್ಲಿಗೆ ಹೋಗುತ್ತಿದ್ದೇವೆಂದು ನೋಡದೆಯೇ ಊರೂರು ಸುತ್ತಿದವನು. ಪೈಲಟ್ಟು ಕೆಮ್ಮಿದ. ನಗುವನ್ನು ಕೆಮ್ಮಾಗಿಸುವ ಕೆಮ್ಮು. ಅದು ಇವನಿಗೂ ಅಂಟಿತು. ಹುತಾತ್ಮನ ಅಣ್ಣ ಮತ್ತು ಹುತಾತ್ಮನ ಪೈಲಟ್ಟು ಭುಜಕ್ಕೆ ಭುಜ ತಾಗಿಸಿ ಅಲುಗಾಡುವುದನ್ನು ನೋಡಿ ಜನ ಕಣ್ಣೊರೆಸಿಕೊಂಡರು. ಅಳ್ತಿದಾರೆ ಪಾಪ, ಎಂದು ಯಾರೋ ಹೇಳಿದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಅಮ್ಮ ರಿಬ್ಬನ್ನು ಕತ್ತರಿಸಿದಳು. ಮೊದಲ ಸುತ್ತು ಅವಳು ಆ ಸೀಟಿನಲ್ಲಿ ಕೂತು ಹೋಗಬೇಕೆಂದು ಏರ್ಪಾಡಾಗಿತ್ತು. ಮ್ಯಾನೇಜರರು ಬಾಗಿ, "ಬನ್ನಿ ತಾಯಿ, ನಿಮ್ಮ ಮಗನ ಸೀಟು" ಎಂದು ಒಂದನೇ ನಂಬರಿನ ಧೂಳನ್ನು ಸ್ವಂತ ಕರ್ಚೀಫಿನಿಂದ ಒರೆಸಿದರು. ಅಮ್ಮ ಹತ್ತಿದಳು. ಫಲಕವನ್ನು ಒಮ್ಮೆ ಮುಟ್ಟಿದಳು. ಆಮೇಲೆ, ಸಾಲು ಸಾಲು ಸೀಟುಗಳ ಕಂಬಿ ಹಿಡಿದುಕೊಂಡು, ಕಷ್ಟಪಟ್ಟು, ನೇರ ಹಿಂದಕ್ಕೆ ನಡೆದಳು. ಕೊನೆಯ ಉದ್ದನೆಯ ಸೀಟಿನ ಮೂಲೆಯಲ್ಲಿ ಕೂತು ಬಟ್ಟೆ ಸರಿಮಾಡಿಕೊಂಡಳು. ಅಲ್ಲಲ್ಲ ತಾಯಿ, ಇಲ್ಲಿ, ಇಲ್ಲಿ, ಎಂದು ಮ್ಯಾನೇಜರರು ಒದ್ದಾಡಿದರು. "ಅಲ್ಲಿ ನೀವೇ ಕೂತ್ಕೊಳ್ಳಿ ಸ್ವಾಮಿ" ಎಂದಳು ಅಮ್ಮ. ಅವರು ಅದನ್ನು ಗೌರವವೆಂದು ತಿಳಿದು ಕೂತರು. ಪೈಲಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ನಡುವಿನಲ್ಲಿ ಕಂಬಿ ಹಿಡಿದು ನಿಂತ.

ಡ್ರೈವರನು ಕನ್ನಡಿಯಲ್ಲಿ ನೋಡಿದ. ಕಂಡಕ್ಟರನು ನೆಗ್ಗಿದ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದ. ರೈಟ್ ರೈಟ್ ಎನ್ನುವುದೊಂದು ಬಾಕಿಯಿತ್ತು. ನಡುವಿನಲ್ಲಿದ್ದ ಪೈಲಟ್ಟು ಬಿಳಿಚಿಕೊಂಡು, ವಿಮಾನ ಬಿಡುವವನಂತೆ ಇಲ್ಲದ ಯಾವುದೋ ಹಿಡಿಯನ್ನು ಮುಂದಕ್ಕೆ ತಳ್ಳಿದ. ಹಿಂದಿನಿಂದ ಅಮ್ಮ ಬಸ್ಸಿನ ತಗಡಿಗೆ ಎರಡು ಏಟು ಬಡಿದು, "ರೈಟ್!" ಎಂದಳು. ಡ್ರೈವರನ ಹೆಂಡತಿಯಾಗಿದ್ದವಳಲ್ಲವೇ. ಬಸ್ಸು ಹೊರಟಿತು.

ಕಂಡಕ್ಟರನು ಅವಳ ಹತ್ತಿರ ಹೋಗಿ ನಿಂತ. ಟಿಕೆಟ್ಟು ಕೊಡುವವನಂತೆ ನಿಂತ. "ಅಮ್ಮ, ಇಲ್ಲಿ ಕುಲುಕತ್ತೆ."

"ಗೊತ್ತು."

"ಫಲಕ ಮುಂದೆ ಇದೆ."

"ಫಲಕ ಇಲ್ಲದಿದ್ರೆ ನನ್ನ ಮಗ ಎಲ್ಲಿ ಕೂತಿದ್ದ ಅಂತ ನನಗೆ ಗೊತ್ತಾಗಲ್ವೇನೋ?" ಅವಳು ಅವನ ಮುಖ ನೋಡದೆ, ಹಿಂದಿನ ಗಾಜಿನ ಕಡೆ ಹೊರಳಿ ಕೂತಳು. "ರಜಕ್ಕೆ ಬಂದಾಗಲೇ ನನಗೆ ಹೇಳಿದ್ದ. ಅಮ್ಮ, ಹಿಂದಿನ ಸೀಟೇ ಎಲ್ಲಕ್ಕಿಂತ ಕೆಟ್ಟದ್ದಂತೆ, ಅಣ್ಣನಿಗೆ ಮಾತ್ರ ಹೇಳ್ಬೇಡ, ಬೇಜಾರು ಮಾಡ್ಕೋತಾನೆ ಅಂತ. ಬೇರೆ ಕಡೆ ಕೇಳೋ ಅಂದ್ರೆ, ಈಗ ಕೇಳಿದ್ರೆ ಅಣ್ಣನ ಮಾತು ಸುಳ್ಳಾಗತ್ತೆ ಅಂತ ನಕ್ಕ."

ಬಸ್ಸು ಮೊದಲನೆಯ ತಿರುವು ತೆಗೆದುಕೊಂಡಿತು. ಡ್ಯೂಟಿಯ ಮೇಲೆ ಕಂಡಕ್ಟರು ಕೂರಬಾರದೆಂಬ ನಿಯಮ ಮುರಿದು ಕಂಡಕ್ಟರನು ಅಮ್ಮನ ಪಕ್ಕದಲ್ಲಿ ಕೂತುಬಿಟ್ಟ. "ನಾನೇ ಕಣಮ್ಮ ಕಳ್ಸಿದ್ದು" ಎಂದ. ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದ ಮಾತು, ಆಚೆ ಬಂದಾಗ ಎಷ್ಟು ಚಿಕ್ಕದಾಗಿತ್ತು.

"ನಿನಗೆ ಹೇಳಿಕೊಟ್ಟೋರು ಯಾರು? ನಾನು. ನನಗೆ ಹೇಳಿಕೊಟ್ಟಿದ್ದು ಆ ಹಾಳು ಕೋಳಿಗಳು." ಅವಳು ಅಂಗೈಯಿಂದ ಹಿಂದಿನ ಗಾಜಿನ ಧೂಳು ಒರೆಸಿದಳು. "ನೀನೇ ಹಿಂದೆ ಕೂರು ಅಂದಿದ್ದು ನಿನಗೆ ನೆನಪಾಗ್ಬಾರ್ದು ಅಂತ ನಾನು ಸುಮ್ನಿದ್ದೆ. ನಿನಗೂ ಗೊತ್ತಾಗಿದೆಯೇನೋ ಅಂತ ಒಂದ್ಸಲ ಕೇಳ್ದೆ, ನೀನು ಮುಂದೆ ಅಂದೆ, ನಾನೂ ಆಗಲಿ ಅಂದ್ಕೊಂಡೆ. ಮೂರು ಜನ ಸೇರಿ ಒಬ್ಬರಿಗೊಬ್ಬರು ಸುಳ್ಳು ಹೇಳ್ಕೊಂಡು ಇದ್ವಲ್ಲೋ. ಅದರಲ್ಲಿ ಒಬ್ಬನಂತೂ ಹೋಗೇ ಹೋದ."

ಇಬ್ಬರೂ ಹಿಂದಿನ ಗಾಜಿನಲ್ಲಿ ನೋಡಿದರು. ಡಿಪೋದ ಗೇಟು, ಕೈಬೀಸುತ್ತಿದ್ದ ಮೆಕ್ಯಾನಿಕ್ಕು, ಪೆಟ್ರೋಲು ಬಂಕು, ಒಣಹಾಕಿದ ಬಟ್ಟೆಗಳು, ಎಲ್ಲ ಚಿಕ್ಕದಾಗುತ್ತ ಚಿಕ್ಕದಾಗುತ್ತ ಹೋದವು. ಯಾವುದೂ ತಕ್ಷಣ ಮರೆಯಾಗಲಿಲ್ಲ. ತುಂಬ ಹೊತ್ತು ಕಾಣಿಸಿದವು. ಎರಡನೆಯ ತಿರುವು ಬಂತು. ಹಿಂದಿನ ಚಕ್ರ ಒಂದು ಗುಂಡಿಯಲ್ಲಿ ಬಿದ್ದೆದ್ದಿತು. ಅಮ್ಮನ ಮುಖ ಸೋರೆಕಾಯಿಯ ಬಣ್ಣಕ್ಕೆ ತಿರುಗಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಹೊಟ್ಟೆ ತೊಳೆಸ್ತಿದೆ ಕಣೋ."

"ಮುಂದೆ ಹೋಗೋಣ್ವಾ ಅಮ್ಮ? ನಿಲ್ಲಿಸ್ಲಾ?"

"ಬೇಡ. ಅವನು ಕೂತಿದ್ದ."

ಕಂಡಕ್ಟರನು ಹೆಗಲಿನ ಚೀಲ ತೆಗೆದ. ಒಳಗಿದ್ದ ಚಿಲ್ಲರೆ, ಟಿಕೆಟ್ಟು, ಬ್ರೆಡ್ಡು ಯಾವುದನ್ನೂ ತೆಗೆದಿಡಲು ಹೋಗದೆ, ಅದರ ಬಾಯನ್ನು ಅಗಲಿಸಿ ಬಲಗೈಯಲ್ಲಿ ಅವಳ ಮುಂದೆ ಹಿಡಿದು, ಎಡಗೈಯಲ್ಲಿ ಅವಳ ಹಣೆ ಹಿಡಿದುಕೊಂಡ.

"ಮಾಡ್ಕೋ ಅಮ್ಮ" ಎಂದ. "ಪರವಾಗಿಲ್ಲ, ಮಾಡ್ಕೋ."